ಎಂ.ಪ್ಲಾನ್ ಜೊತೆಗೆ ಇನ್ನೇನು ಓದಲಿ ಎಂದು ಕೇಳುವವರಿಗೆ

ನಗರ ಯೋಜನೆ ಅಥವಾ ಪರಿಸರ ಯೋಜನೆಯಲ್ಲಿ ಎಂ.ಪ್ಲಾನ್ (ಪ್ಲಾನಿಂಗ್‌ನ ಸ್ನಾತಕೋತ್ತರ ಪದವಿ) ಮಾಡುತ್ತಿರುವವರು ಜೊತೆಗೆ ಇನ್ನೇನು ಓದಬೇಕು ಎಂದು ಕೇಳಿದರೆ, ನಾನು ಮೊದಲು ಹೇಳುವುದು ಕಾನೂನು. ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವಿಧಾನ), ಡೇಟಾ ಎಲ್ಲ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಪ್ಲಾನಿಂಗ್‌ಗೆ ಬಂದವಳು. ಹಾಸನದ ಕಡೆಯವಳಾದ್ದರಿಂದ ಕೆರೆ, ಕೋಡಿ, ತೂಬು, ಅಚ್ಚುಕಟ್ಟು ಎಲ್ಲ ನೋಡಿಕೊಂಡೇ ಬೆಳೆದೆ. ಥೀಸಿಸ್‌ಗೆ ಬೆಂಗಳೂರಿನ ರಾಜಕಾಲುವೆಗಳನ್ನು, ಅಂದರೆ ಮಳೆನೀರು ಹರಿಯುವ ಕಾಲುವೆಗಳನ್ನು, ತೆಗೆದುಕೊಂಡಾಗ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ತಿಳಿಯುವುದು ಕಷ್ಟವಾಗಲಿಲ್ಲ. ಕಾಲುವೆ ಪಕ್ಕ ಎಷ್ಟು ಜಾಗ ಬಿಡಬೇಕು, ಅದನ್ನು ಎಲ್ಲಿಂದ ಅಳೆಯಬೇಕು, ಹಾಗೆ ಹೇಳುವ ಅಧಿಕಾರ ಯಾರಿಗಿದೆ? ಇದಕ್ಕೆ ನಮ್ಮ ಕ್ಲಾಸಿನ ನೋಟ್ಸ್ ಸಾಲಲಿಲ್ಲ.

ನಗರದಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ಹೇಳುವ ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ರಲ್ಲಿ ಕೆರೆಗೆ 30 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಇತ್ತು. ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯದಿಂದ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಕಟ್ಟಡ ಯೋಜನೆಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಇದನ್ನು ಬದಲಿಸಿತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್, ಅಳತೆ ಅಂಚಿನಿಂದ. ದೊಡ್ಡ ಕಾಲುವೆಗೆ ಎರಡರಲ್ಲೂ 50 ಎಂದೇ ಇದೆ, ಗಮನಿಸಿ. ಆದರೂ ಕಾಲುವೆ 20 ಮೀಟರ್ ಅಗಲ ಇದ್ದರೆ ಒಂದೊಂದು ಬದಿಗೂ 10 ಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟು ಜಾಗದಲ್ಲಿ ಒಂದು ಸಾಲು ಮನೆಗಳೇ ಇರಬಹುದು, ಅಲ್ವಾ?

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಹೆಚ್ಚಿನ ಬಫರ್ ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಕಾಯ್ದೆಯಡಿ ಆಗಿರುವುದು, ನ್ಯಾಯಮಂಡಳಿ ಅದನ್ನು ತಿದ್ದುವಂತಿಲ್ಲ ಎನ್ನುವುದು ಅದರ ತಿರುಳು. ಕೆರೆಗೆ 75 ಮೀಟರ್ ಬೇಕು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಅದು ಉಳಿಯಬೇಕಾದರೆ ಮಾಸ್ಟರ್ ಪ್ಲಾನ್ ಒಳಗೇ ಬರಬೇಕು, ಕರಡು ಪ್ರಕಟವಾಗಿ ಆಕ್ಷೇಪಣೆ ಕೇಳುವ ಹೊತ್ತಿಗೇ ನಾವು ಬರೆದು ಕೊಡಬೇಕು. ತೀರ್ಪು ಓದಲು ಬಂದರೆ ಇದು ಗೊತ್ತಾಗುತ್ತದೆ. ಇಲ್ಲದಿದ್ದರೆ ನಕ್ಷೆಗೆ ಸುಮ್ನೆ ಹಸಿರು ಬಣ್ಣ ಹಾಕುತ್ತಾ ಕೂರುತ್ತೇವೆ.

ಇದಕ್ಕಾಗಿ ಎಲ್‌ಎಲ್‌ಬಿ ಮಾಡಲೇಬೇಕೆಂದಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಪರಿಸರ ಕಾನೂನಿನ ಒಂದು ವರ್ಷದ ಪಿಜಿ ಡಿಪ್ಲೊಮಾ ಇದೆ. ಕಾನೂನು ಪದವಿ ಇಲ್ಲದವರೂ ಸೇರಬಹುದು, ಕೆಲಸ ಮಾಡುತ್ತಲೇ ಓದಬಹುದು. ಎರಡು ಕೋರ್ಸ್ ಒಟ್ಟಿಗೆ ಮಾಡುವಂತಿಲ್ಲ ಎಂದು ಹೆದರುವವರು ಇನ್ನೂ ಇದ್ದಾರೆ. ಯುಜಿಸಿ 2022ರಲ್ಲೇ ಆ ನಿಯಮ ಸಡಿಲಿಸಿದೆ. ಒಂದನ್ನು ಕ್ಲಾಸಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ನಿಮ್ಮ ವಿಶ್ವವಿದ್ಯಾಲಯ ಇದನ್ನು ಒಪ್ಪಿಕೊಂಡಿದೆಯಾ ಎಂದು ಮಾತ್ರ ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಿ.

ಜಿಐಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಿಲ್ಲದೆ ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಡಿ. ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಡೆಹ್ರಾಡೂನ್‌ನಲ್ಲಿರುವ ಇಸ್ರೋದ ದೂರಸಂವೇದಿ ಸಂಸ್ಥೆ ಐಐಆರ್‌ಎಸ್ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ, ಸರ್ಟಿಫಿಕೇಟನ್ನೂ ಕೊಡುತ್ತದೆ. ಕಲಿತ ಮೇಲೆ ಒಂದು ಹಳ್ಳಿಯ ಹಳೆಯ ಗ್ರಾಮ ನಕ್ಷೆ ತಂದು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ನೋಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಆ ಸರ್ವೆ ನಂಬರ್‌ಗಳಲ್ಲಿ ಓಡಾಡಿ. ಕಾಲುವೆ ಎಲ್ಲಿ ರಸ್ತೆಯಾಗಿದೆ, ಎಲ್ಲಿ ಕಾಂಪೌಂಡ್ ಒಳಗೆ ಹೋಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ಪರಿಸರ ಪರಿಣಾಮ ವರದಿ ಬರೆಯುವ ಕೆಲಸಕ್ಕೆ ಹೋಗುವ ಮನಸ್ಸಿದ್ದರೆ ಅದರ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯನ್ನು ಕುಳಿತು ಪೂರ್ತಿ ಓದಿ. ಇಂಥ ವರದಿ ಬರೆಯಲು ನಬೆಟ್ ಎಂಬ ಮಂಡಳಿಯ ಮಾನ್ಯತೆ ಇರುವ ಸಂಸ್ಥೆಗಳಲ್ಲಿ ಭೂಬಳಕೆ, ಸಾಮಾಜಿಕ-ಆರ್ಥಿಕ ವಿಷಯಗಳಿಗೆ ತಜ್ಞರು ಬೇಕೇ ಬೇಕು, ಅಲ್ಲಿ ನಮ್ಮವರಿಗೆ ಜಾಗ ಇದೆ.

ಹೊರದೇಶಕ್ಕೆ ಹೋಗುವವರು ಜೋಡಿ ಪದವಿ ಇದೆಯಾ ಎಂದು ಅರ್ಜಿ ಹಾಕುವಾಗಲೇ ನೋಡಿ. ಅಮೆರಿಕದ ಬರ್ಕ್ಲಿಯಂಥ ವಿಶ್ವವಿದ್ಯಾಲಯದಲ್ಲಿ ಪ್ಲಾನಿಂಗ್ ಜೊತೆ ಸಾರ್ವಜನಿಕ ಆರೋಗ್ಯವನ್ನೋ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರನ್ನೋ ಸೇರಿಸಿ ಓದಬಹುದು. ಎರಡನ್ನೂ ಬೇರೆ ಬೇರೆ ಮಾಡಿದರೆ ಆಗುವುದಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಯುತ್ತದೆ. ಆದರೆ ಒಂದೇ ಪದವಿ ಮಾಡುವುದಕ್ಕಿಂತ ಫೀಸು ಜಾಸ್ತಿ. ಸಾಲ ಮಾಡಿ ಹೋಗುವ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ. ಊರುಗಳ ಬಗ್ಗೆಯೇ ಇನ್ನೂ ಓದಬೇಕು, ಆದರೆ ಇಲ್ಲೇ ಇರಬೇಕು ಅನ್ನುವವರಿಗೆ ಬೆಂಗಳೂರಿನ ಐಐಎಚ್‌ಎಸ್ ಎಂಬ ನಗರ ಅಧ್ಯಯನ ಸಂಸ್ಥೆಯ ಅರ್ಬನ್ ಫೆಲೋಸ್ ಕಾರ್ಯಕ್ರಮ ಒಳ್ಳೆಯದು. ಅಲ್ಲಿ ಅರ್ಥಶಾಸ್ತ್ರ, ಸಾಹಿತ್ಯ ಓದಿದವರೂ ಪಕ್ಕದಲ್ಲಿ ಕೂರುತ್ತಾರೆ. ಪ್ಲಾನರ್‌ಗಳು ಪ್ಲಾನರ್‌ಗಳ ಜೊತೆ ಮಾತ್ರ ಮಾತಾಡುವ ಅಭ್ಯಾಸ ಅದರಿಂದ ಬಿಡುತ್ತದೆ.

ಇನ್ನೊಂದು ಉಳಿಯಿತು. ಅಂತರ್ಜಲ. ನಾವು ನಕ್ಷೆಯಲ್ಲಿ ಎಲ್ಲೆಂದರಲ್ಲಿ ಇಂಗುಗುಂಡಿ ಗುರುತು ಹಾಕುತ್ತೇವೆ. ನಮ್ಮ ಬಯಲುಸೀಮೆಯ ಬಹುಭಾಗ ಗಟ್ಟಿ ಕಲ್ಲು. ಮೇಲಿನ ಶಿಥಿಲವಾದ ಪದರದಲ್ಲಿ, ಕಲ್ಲಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಿರುಕು ಎಲ್ಲಿದೆ ಎಂದು ತಿಳಿಯದೆ ತೋಡಿದ ಗುಂಡಿಯಿಂದ ಪಕ್ಕದ ಬೋರ್‌ವೆಲ್‌ಗೆ ಏನೂ ಸಿಗದೇ ಹೋಗಬಹುದು. ಪುಣೆಯ ಅಕ್ವಾಡಮ್ ಸಂಸ್ಥೆ ಭೂವಿಜ್ಞಾನ ಓದದವರಿಗೂ ಇದನ್ನು ಕಲಿಸುತ್ತದೆ, ಬಾವಿ ಅಳೆಯುವುದು, ಕಲ್ಲು ಗುರುತಿಸುವುದು ಎಲ್ಲ ಹೊಲದಲ್ಲೇ. ಮುಂದಿನ ಬ್ಯಾಚಿಗೆ ಹೋಗಬೇಕೆಂದು ನಾನೂ ಆಫೀಸಿನಲ್ಲಿ ರಜೆ ಕೇಳಿದ್ದೇನೆ. ಬರುವವರಿದ್ದರೆ ಹೇಳಿ, ಒಟ್ಟಿಗೆ ಹೋಗೋಣ.