ಪೆಟ್ರೋಲ್ ಪೈಪಿಗೆ ದಾರಿ ಹುಡುಕುತ್ತಾ

ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆ ಗ್ಯಾರೇಜಿನಲ್ಲಿ ನಾನೊಂದು ಕಾರು ಕಟ್ಟುತ್ತಿದ್ದೇನೆ. ಇಬ್ಬರು ಕೂರುವ, ಮೇಲೆ ಹುಡ್ ಇಲ್ಲದ ಸಣ್ಣ ಸ್ಪೋರ್ಟ್ಸ್ ಕಾರು. ಮನೆಯಲ್ಲಿ ಕಾರು ಕಟ್ಟಲಿಕ್ಕೆ ಬಿಡ್ತಾರಾ ಅಂತ ಉಡುಪಿಯಿಂದ ಎಲ್ಲರೂ ಕೇಳುತ್ತಾರೆ. ಬಿಡುತ್ತಾರೆ. ಇಲ್ಲಿ ಇದು ಹಳೆಯ ಅಭ್ಯಾಸ. 1957ರಲ್ಲಿ ಬಂದ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿದರೆ ಖರೀದಿ ತೆರಿಗೆ ಉಳಿಯುತ್ತಿತ್ತು. ನನ್ನದೂ ಅದೇ ಬಗೆಯದು. ಕಟ್ಟಿ ಮುಗಿದ ಮೇಲೆ ಐವಿಎ ಎಂಬ ಸರ್ಕಾರಿ ಪರೀಕ್ಷೆ ಪಾಸಾಗಬೇಕು, ಆಮೇಲೆ ನಂಬರ್ ಪ್ಲೇಟ್.

ಈಗ ಪೆಟ್ರೋಲ್ ಲೈನಿನ ಕೆಲಸ. ಕಾಪುವಿನಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಭಾವನಿಗೆ ವಿಡಿಯೊ ಕಾಲ್ ಮಾಡಿ ಚಾಸಿ ತೋರಿಸಿದೆ. "ಟ್ಯಾಂಕ್ ಹಿಂದೆ, ಇಂಜಿನ್ ಮುಂದೆ. ಒಂದು ಪೈಪ್ ಎಳೆದರೆ ಆಯ್ತಲ್ಲ ಭಾವ, ಅದಕ್ಕೆಂತ ಪ್ಲಾನು?" ಎಂದರು.

ನಾನಿನ್ನೂ ಪೈಪ್ ಮುಟ್ಟಿಲ್ಲ. ಬರೀ ಚಾಸಿಯ ಮೇಲೆ ಹಗ್ಗ ಕಟ್ಟಿ ದಾರಿ ನೋಡುತ್ತಿದ್ದೇನೆ. ಅಲ್ಯೂಮಿನಿಯಂ ಶೀಟ್ ಹೊಡೆದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಪ್ರತಿ ಅಡಿಗೂ ಒಂದೇ ಪ್ರಶ್ನೆ: ಇಲ್ಲಿ ಲೀಕ್ ಆದರೆ ಪೆಟ್ರೋಲ್ ಯಾವುದರ ಮೇಲೆ ಬೀಳುತ್ತದೆ?

ನನ್ನ ಕಾರಿನಲ್ಲಿ ಸೈಲೆನ್ಸರ್ ಎಡಗಡೆ. ಹಾಗಾಗಿ ಪೆಟ್ರೋಲ್ ಬಲಗಡೆ. ಬೆಂಕಿಯ ಭಯ ಮಾತ್ರ ಅಲ್ಲ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಪೈಪಿನೊಳಗೆ ಆವಿ ತುಂಬಿದರೆ ಇಂಜಿನ್ನಿಗೆ ಪೆಟ್ರೋಲ್ ಸಿಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಆಗುಂಬೆ ಘಾಟಿಯ ನಡುವೆ ನಿಂತುಹೋದ ಹಳೆಯ ಕಾರ್ಬುರೇಟರ್ ಕಾರುಗಳನ್ನು ಭಾವ ಎಷ್ಟೋ ನೋಡಿದ್ದಾರೆ. ಇದನ್ನು ಹೇಳಿದಾಗ ಅವರೂ ಕುರ್ಚಿ ಎಳೆದುಕೊಂಡು ಕುಳಿತರು.

ಎರಡು ಸೀಟುಗಳ ನಡುವಿನ ಟನಲ್‌ನಲ್ಲಿ, ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಅದರ ಜಾಯಿಂಟ್ ಕಿತ್ತರೆ ಪಕ್ಕದಲ್ಲಿದ್ದುದನ್ನೆಲ್ಲ ಚಚ್ಚಿಹಾಕುತ್ತದೆ. ಅದಕ್ಕೇ ಹಗ್ಗವನ್ನು ಹೊರಬದಿಯ ಚಾಸಿ ಪಟ್ಟಿಗೆ ಕಟ್ಟಿದ್ದೆ. "ಯಾರಾದರೂ ಪಕ್ಕದಿಂದ ಗುದ್ದಿದರೆ?" ಎಂದು ಭಾವ ಕೇಳಿದರು. ಸರಿಯಾದ ಮಾತು, ಅಲ್ವಾ? ರಸ್ತೆಯಲ್ಲಿ ಶಾಫ್ಟ್ ಮುರಿಯುವುದಕ್ಕಿಂತ ಗುದ್ದುವವರೇ ಜಾಸ್ತಿ. ಇಬ್ಬರೂ ಸೇರಿ ಹಗ್ಗವನ್ನು ಟನಲ್‌ನ ಬಲ ಮೇಲ್ಮೂಲೆಗೆ ತಂದೆವು. ಶಾಫ್ಟ್ ಕಿತ್ತರೂ ಮೇಲೇಳದ ಹಾಗೆ ಸುತ್ತ ದಪ್ಪ ಸ್ಟೀಲ್ ಬಳೆ ಬೆಸುಗೆ ಹಾಕುತ್ತೇನೆ. ಬ್ಯಾಟರಿ ಕೇಬಲ್ ಬೇರೆ ದಾರಿಯಲ್ಲಿ ಹೋಗುತ್ತದೆ.

ಪೈಪ್ 8 ಎಂ.ಎಂ., ತಾಮ್ರ–ನಿಕ್ಕಲ್ ಮಿಶ್ರಲೋಹದ್ದು. ಬರೀ ತಾಮ್ರ ಸುಲಭವಾಗಿ ಬಾಗುತ್ತದೆ, ಆದರೆ ಅದುರಿ ಅದುರಿ ಬಿರುಕು ಬಿಡುತ್ತದೆ. ಸಾದಾ ಸ್ಟೀಲ್ ತುಕ್ಕು ಹಿಡಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಮಲ್ಪೆ ಕಡೆ ಕಡಲ ಗಾಳಿಯೇ ಸಾಕು. 30 ಸೆಂ.ಮೀ.ಗೊಂದು ರಬ್ಬರ್ ಇರುವ ಕ್ಲಿಪ್ ಹಾಕುತ್ತೇನೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುವುದರಿಂದ ಕೊನೆಯ ತುಂಡು ಬಾಗುವ ರಬ್ಬರ್ ಹೋಸ್ ಆಗಿರಲೇಬೇಕು.

ಹೋಸ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಕಾರ್ಬುರೇಟರಿಗೆ 0.3 ಬಾರ್ ಒತ್ತಡ ಸಾಕು, ನನ್ನ ಇಂಜೆಕ್ಷನ್ ಇಂಜಿನ್ನಿಗೆ 3 ಬಾರ್ ಬೇಕು. ಜೊತೆಗೆ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಇಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥೆನಾಲ್), ಊರಿನಲ್ಲಿ ಇ20 (ಶೇ. 20ರವರೆಗೆ). ಅದು ಹಳೆಯ ಬಗೆಯ ರಬ್ಬರನ್ನು ಹಾಳುಮಾಡುತ್ತದೆ. ಈ ಒತ್ತಡವನ್ನೂ ಎಥೆನಾಲನ್ನೂ ತಡೆಯುವ ದರ್ಜೆಯ ಗುರುತು ಆರ್9; ಅದು ಮೈಮೇಲೆ ಅಚ್ಚಾದ ಹೋಸನ್ನೇ ಕೊಳ್ಳಿ.

ಎಲೆಕ್ಟ್ರಿಕ್ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಆದ್ದರಿಂದ ಅದು ಹಿಂದೆ, ಟ್ಯಾಂಕಿನ ಪಕ್ಕ, ಆದಷ್ಟು ಕೆಳಗೆ ಕೂರುತ್ತದೆ. ಅಪಘಾತವಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್ ಕೂಡ ಅದರ ವಯರಿಗೆ ಬರುತ್ತದೆ.

ಎಲ್ಲ ಜೋಡಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಪಂಪ್ ಓಡಿಸಿ, ಪ್ರತಿ ಜಾಯಿಂಟಿಗೂ ಬಿಳಿ ಕಾಗದ ಒತ್ತಿ ನೋಡಬೇಕು. ಶೀಟ್ ಹೊಡೆಯುವುದು ಆಮೇಲೆ.