ಹದಿನಾರು ಹಣೆ, ಒಂದು ಬೊಟ್ಟು

ಉಡುಪಿ ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಹದಿನಾರು ಮಹಿಳೆಯರ ಸಂಯುಕ್ತ ಭಾವಚಿತ್ರ, ಅಂದರೆ ಅವರ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸಿದ ಚಿತ್ರ, ಕೊನೆಗೂ ಒಂದೇ ಮುಖವಾಗಿ ಕೂಡಿಬಂದಿದೆ. ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ ಚಿತ್ರ ತೆಗೆಯುವುದು, ಕಣ್ಣುಗಳನ್ನು ಒಂದೇ ಗೆರೆಗೆ ತರುವುದು ಇತ್ಯಾದಿ ಈ ಹವ್ಯಾಸದವರಿಗೆಲ್ಲ ಗೊತ್ತಿರುವುದರಿಂದ, ನನ್ನನ್ನು ಬಹಳ ಕಾಡಿದ ಹಣೆಯ ವಿಷಯಕ್ಕೇ ನೇರವಾಗಿ ಬರುತ್ತೇನೆ.

ಮುಖ ಗುರುತಿಸಲು ಬಳಸುವ ಡಿಲಿಬ್ (dlib) ಎಂಬ ತಂತ್ರಾಂಶದ ಮಾದರಿಯು ಮುಖದ ಮೇಲೆ ಗುರುತಿಸುವ 68 ಬಿಂದುಗಳಲ್ಲಿ ದವಡೆಗೆ 17, ಹುಬ್ಬುಗಳಿಗೆ 10, ಮೂಗಿಗೆ 9, ಕಣ್ಣುಗಳಿಗೆ 12, ಬಾಯಿಗೆ 20 ಸಲ್ಲುತ್ತವೆ. ಹುಬ್ಬಿನ ಮೇಲಕ್ಕೆ ಒಂದೂ ಇಲ್ಲ. ಹೀಗಾಗಿ ಈ ಬಿಂದುಗಳ ನಡುವಿನ ತ್ರಿಕೋನಗಳನ್ನು ಎಳೆದು ಎಲ್ಲ ಮುಖಗಳನ್ನೂ ಒಂದೇ ಆಕಾರಕ್ಕೆ ಹೊಂದಿಸಿದ ಮೇಲೆ ತುಟಿಯ ಅಂಚು ಖಚಿತವಾಗಿ ನಿಂತರೂ, ಬೈತಲೆ ಎರಡು ಮೂರು ಕಡೆ ಸೀಳಿಕೊಂಡು, ಕುಂಕುಮದ ಬೊಟ್ಟುಗಳು ಮೇಲೆ ಕೆಳಗೆ ಸರಿದು ಉದ್ದನೆಯ ಕೆಂಪು ಕಲೆಯಾಗುತ್ತಿದ್ದವು. ಬಣ್ಣಗಳನ್ನು ಬೆರೆಸುವಾಗ ಸರಾಸರಿಯ ಬದಲು ಮೀಡಿಯನ್ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ಬಳಸಿದರೆ ಕಲೆಯೊಂದಿಗೆ ಬೊಟ್ಟೂ ಮಾಯವಾಗುತ್ತದೆ, ಏಕೆಂದರೆ ಒಂದು ಪಿಕ್ಸೆಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬೊಟ್ಟು ಬೀಳದಿದ್ದರೆ ಮೀಡಿಯನ್ ಅಲ್ಲಿ ಚರ್ಮದ ಬಣ್ಣವನ್ನೇ ಉಳಿಸಿಕೊಳ್ಳುತ್ತದೆ.

ಆದ್ದರಿಂದ ಬೈತಲೆಯ ಬುಡ, ಕೂದಲಂಚು ಮತ್ತು ಬೊಟ್ಟಿನ ನಡುವಿಗೆ ಕೈಯಿಂದಲೇ ಬಿಂದುಗಳನ್ನು ಇಟ್ಟೆ. ಇವರಲ್ಲಿ ಹನ್ನೊಂದು ಮಂದಿ ಬೊಟ್ಟಿಟ್ಟವರು, ಉಳಿದ ಐವರು ಬೊಟ್ಟಿಡದ ಕ್ರೈಸ್ತ ಮನೆಯವರು. ಆ ಐವರ ಹಣೆಯಲ್ಲಿ ಉಳಿದವರ ಸರಾಸರಿ ಎತ್ತರದಲ್ಲೇ ಬಿಂದು ಗುರುತಿಸಿದೆ. ಈಗ ಮೀಡಿಯನ್‌ನ ದೋಷ ತಿರುವುಮುರುವಾಯಿತು: ಹನ್ನೊಂದು ಬಹುಮತವಾದ್ದರಿಂದ ಬೊಟ್ಟು ಪೂರ್ಣ ಕೆಂಪಾಗಿ ಮೂಡಿ, ಐವರ ಬರಿಯ ಹಣೆ ಅಳಿಸಿಹೋಯಿತು. ಸರಾಸರಿಯಲ್ಲಾದರೆ ಬೊಟ್ಟು ಮೂರನೇ ಎರಡರಷ್ಟು ಗಾಢವಾಗಿ, ಹಿಂದಿನ ಚರ್ಮ ಕಾಣುವಂತೆ ನಿಲ್ಲುತ್ತದೆ. ಅದೇ ಸರಿಯಾದ ಬೊಟ್ಟು ಎಂದು ನಾನು ದೃಢವಾಗಿ ನಂಬುತ್ತೇನೆ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದೇ ಛಾಯಾಚಿತ್ರ ಫಲಕದ ಮೇಲೆ ಪ್ರತಿ ಮುಖಕ್ಕೂ ಬೆಳಕಿನ ಸಮಪಾಲು ಕೊಟ್ಟು ಇಂಥ ಚಿತ್ರಗಳನ್ನು ಮಾಡಿದ್ದ. ಮುಖ ನೋಡಿ ಅಪರಾಧಿಯ ಮಾದರಿಯನ್ನು ಹುಡುಕಹೊರಟ ಅವನ ಉದ್ದೇಶ ನನಗೆ ಅಸಹ್ಯ. ಆದರೆ ಆ ಸಮಪಾಲಿನ ಕ್ರಮವನ್ನು ಬಿಡಲಾರೆ.

ಇಷ್ಟರ ನಡುವೆ ಹಿನ್ನೆಲೆಯ ಬಟ್ಟೆಯ ಗೋಳು ಬೇರೆ. ಬೂದು ಎಂದು ತರಿಸಿದ್ದು ನೀಲಿ ಛಾಯೆಯಲ್ಲಿ ಬಂತು, ಬದಲಿಸಿ ಕಳಿಸಿದ್ದೂ ಹಾಗೆಯೇ ಇತ್ತು, ಮುಡಿದ ಮಲ್ಲಿಗೆಯ ಬಿಳುಪಿನ ಅಂಚಿಗೆಲ್ಲ ಆ ನೀಲಿ ಹತ್ತಿತು. ಕೊನೆಗೆ ಬಣ್ಣ ಸರಿನೋಡಲು ಛಾಯಾಗ್ರಾಹಕರು ಬಳಸುವ ಅಪ್ಪಟ ಬೂದು ಬಣ್ಣದ ಗ್ರೇ ಕಾರ್ಡನ್ನು ಜೊತೆಗೆ ಒಯ್ದು, ಉಡುಪಿಯ ಬಟ್ಟೆಯಂಗಡಿಯಲ್ಲಿ ಬಿಸಿಲಿಗೆ ಹಿಡಿದು ನೋಡಿ ಪ್ಯಾಂಟಿನ ಬಟ್ಟೆಯನ್ನೇ ಕೊಂಡೆ.

ಕೈಬಿಂದುಗಳು ಒಲಿದ ಮೇಲೆ ಮುಂದಿನ ಕೆಲಸಕ್ಕೆ ಧೈರ್ಯ ಬಂದಿದೆ: ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿಯೊಬ್ಬರ ಮುಖವನ್ನು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಹಂತಹಂತವಾಗಿ ತೆಗೆದು ಒಂದಾಗಿಸಬೇಕು. ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಅಕ್ಕಿಹಿಟ್ಟಿನ ಚುಟ್ಟಿ ಏರಿದಂತೆ ಮುಖದ ಹೊರಗೆರೆಯೇ ಬದಲಾಗುವುದರಿಂದ ಅಲ್ಲಿ ದವಡೆಯ ಬಿಂದುಗಳನ್ನು ನಂಬುವಂತಿಲ್ಲ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಮೊದಲೇ ಇದು ಆಗಬೇಕು.

ಮಲ್ಲಿಗೆಯವರ ಚಿತ್ರದಲ್ಲಿ ಇನ್ನು ಉಳಿದಿರುವುದು ಮೂಗುಬೊಟ್ಟು ಮತ್ತು ಕಿವಿ. ಕೆಲವರು ಎಡಕ್ಕೆ, ಕೆಲವರು ಬಲಕ್ಕೆ ಮೂಗು ಚುಚ್ಚಿಸಿಕೊಂಡಿದ್ದಾರೆ; ಚಿತ್ರಗಳನ್ನು ಕನ್ನಡಿಯಂತೆ ತಿರುಗಿಸದೆ, ಎರಡೂ ಬದಿಯಲ್ಲಿ ಅವರವರ ಪಾಲಿನಷ್ಟು ಮಸುಕಾಗಿಯೇ ಬಿಡುತ್ತೇನೆ. ಕಿವಿಗಳಿಗೆ ತಲಾ ನಾಲ್ಕು ಬಿಂದುಗಳನ್ನು ಗುರುತಿಸಲು ಶುರುಮಾಡಿದ್ದೇನೆ.