ಪ್ರತಿ ಟಾಪಿಕ್ಕೂ ತನ್ನ ಕಾಲ ಮೇಲೆ ನಿಲ್ಲಬೇಕು

ಪುಣೆಯಲ್ಲಿ ಟೆಕ್ನಿಕಲ್ ರೈಟರ್ (ಸಾಫ್ಟ್‌ವೇರ್, ಮೆಷಿನ್ ಬಳಸುವುದು ಹೇಗೆ ಅಂತ ಬರೆಯುವವರು) ಆಗಬೇಕು ಅಂತ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವರು. ನನ್ನ ನಂಬರ್ ಯಾರೋ ಪರಿಚಯದವರು ಕೊಟ್ಟಿರುತ್ತಾರೆ. ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಯಾವ ಟೂಲ್ ಕಲೀಲಿ? ಫ್ಲೇರಾ, ರೋಬೋಹೆಲ್ಪಾ, ಡಿಟಾನಾ?" ಮೊದಲೆರಡು ಹೆಲ್ಪ್ ಬರೆಯುವ ಸಾಫ್ಟ್‌ವೇರ್, ಡಿಟಾ ಅಂದರೆ ಟ್ಯಾಗ್ ಹಾಕಿ ಬರೆಯುವ ಒಂದು ಪದ್ಧತಿ. ಈಗೀಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. "ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ?"

ಎರಡಕ್ಕೂ ನಾನು ಮೊದಲು ಹೇಳುವುದು ಇಷ್ಟು. ಟಾಪಿಕ್ ಬರೆಯುವುದನ್ನು ಕಲಿಯಿರಿ. ಟಾಪಿಕ್ ಅಂದರೆ ಒಂದೇ ವಿಷಯ ಹೇಳುವ ಹೆಲ್ಪ್ ಪುಟ. ಆನ್‌ಲೈನ್ ಹೆಲ್ಪನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ಕೆಲಸ ಎಲ್ಲೋ ಅಡ್ಡ ನಿಂತಾಗ ಹೆಲ್ಪ್ ತೆರೆಯುವ ಎಫ್1 ಕೀ ಒತ್ತುತ್ತಾರೆ. ಇಲ್ಲವೇ ಗೂಗಲ್‌ನಿಂದ ಸೀದಾ ನಡುವಿನ ಯಾವುದೋ ಪುಟಕ್ಕೆ ಬಂದಿಳಿಯುತ್ತಾರೆ. ಹಿಂದಿನ ಪುಟದಲ್ಲಿ ಏನಿತ್ತು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆ ಒಂದು ಪುಟದಲ್ಲೇ ಅವರ ಕೆಲಸ ಮುಗಿಯಬೇಕು.

ಇದು ಹೊಸ ಮಾತಲ್ಲ. 1990ರಲ್ಲಿ ವಿಂಡೋಸ್ 3.0 ಜೊತೆ ಹೆಲ್ಪ್ ತೋರಿಸುವ ಪ್ರೋಗ್ರಾಂ ವಿನ್‌ಹೆಲ್ಪ್ ಬಂದಾಗಿನಿಂದಲೂ ಇದೇ ಪಾಠ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಟೀಮಿನ ಹಿರಿಯರೊಬ್ಬರ ಹತ್ತಿರ ಹಳೆಯ ವಿನ್‌ಹೆಲ್ಪ್ ಪ್ರಾಜೆಕ್ಟ್ ಒಂದು ಇನ್ನೂ ಉಳಿದಿತ್ತು. ತೆರೆದು ತೋರಿಸಿದ್ದರು. ಎಲ್ಲವೂ ವರ್ಡ್‌ನಲ್ಲಿ ಬರೆದ ಆರ್‌ಟಿಎಫ್ ಫೈಲು. ಪ್ರತಿ ಟಾಪಿಕ್‌ಗೂ ಅಡಿಟಿಪ್ಪಣಿ. ಹ್ಯಾಶ್ ಗುರುತಿನದು ಟಾಪಿಕ್‌ನ ಐಡಿ, ಡಾಲರ್ ಗುರುತಿನದು ಶೀರ್ಷಿಕೆ, ಕೆ ಅಕ್ಷರದ್ದು ಹುಡುಕುವ ಪದಗಳು. ಲಿಂಕ್ ಬೇಕಾದರೆ ಪದದ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಐಡಿಯನ್ನು ಹಿಡನ್ ಟೆಕ್ಸ್ಟ್ (ಓದುವವರಿಗೆ ಕಾಣದ ಅಕ್ಷರ) ಆಗಿ ಬರೆಯಬೇಕು. ಆ ಕಷ್ಟ ತಪ್ಪಿಸಲು ಬಂದದ್ದೇ ರೋಬೋಹೆಲ್ಪ್‌ನಂಥ ಟೂಲ್‌ಗಳು. ಆ ಹಿರಿಯರು ಒಂದು ಮಾತು ಹೇಳಿದ್ದರು. "ಐಡಿ ಇದ್ದದ್ದು ಟಾಪಿಕ್. ಐಡಿ ಕೊಡೋಕೆ ಆಗದ್ದು ಸುಮ್ನೆ ಬರಹ." ಪ್ರೋಗ್ರಾಮರ್ ತನ್ನ ಕೋಡ್‌ನಿಂದ ಆ ಐಡಿಯನ್ನು ಕರೆಯುತ್ತಾನೆ. ಆಗ ಡೈಲಾಗ್ ಬಾಕ್ಸ್ ಮುಂದೆ ಕೂತವರಿಗೆ ಅದಕ್ಕೆ ಬೇಕಾದ ಪುಟವೇ ತೆರೆದುಕೊಳ್ಳುತ್ತದೆ. ಕಾಂಟೆಕ್ಸ್ಟ್ ಸೆನ್ಸಿಟಿವ್ ಹೆಲ್ಪ್ ಅಂತ ಕರೆಯುವುದು ಇದನ್ನೇ.

ಆಮೇಲೆ ಟೂಲ್‌ಗಳ ಸರದಿ ಬದಲಾಗುತ್ತಲೇ ಹೋಯಿತು. 1997ರಲ್ಲಿ ಮೈಕ್ರೋಸಾಫ್ಟ್ ಎಚ್‌ಟಿಎಂಎಲ್ ಹೆಲ್ಪ್ ತಂದಿತು, ಅದೇ ಸಿಎಚ್‌ಎಂ ಫೈಲು. 2005ರ ಒಂದು ಸೆಕ್ಯುರಿಟಿ ಅಪ್‌ಡೇಟ್ ನಂತರ, ಸರ್ವರ್ ಮೇಲೆ ಇಟ್ಟ ಸಿಎಚ್‌ಎಂ ತೆರೆದರೆ ಎಡಗಡೆ ಪರಿವಿಡಿ ಕಾಣುತ್ತಿತ್ತು, ಬಲಗಡೆ ಪುಟವೇ ಬರುತ್ತಿರಲಿಲ್ಲ. ವಿಸ್ತಾ ಅನ್ನುವ ಆವೃತ್ತಿಯಿಂದ ವಿನ್‌ಹೆಲ್ಪ್ ವಿಂಡೋಸ್ ಜೊತೆ ಬರುವುದು ನಿಂತಿತು. ರೋಬೋಹೆಲ್ಪ್ ಅಂತೂ ಕೈಯಿಂದ ಕೈಗೆ ಹೋಯಿತು. 2003ರಲ್ಲಿ ಮ್ಯಾಕ್ರೋಮೀಡಿಯಾಗೆ, 2005ರಲ್ಲಿ ಮ್ಯಾಕ್ರೋಮೀಡಿಯಾ ಸಮೇತ ಅಡೋಬಿಗೆ. ಅದನ್ನು ಮೊದಲು ಮಾಡುತ್ತಿದ್ದ ಕಂಪನಿಯ ಕೆಲವರು ಹೊರಬಂದು ಮ್ಯಾಡ್‌ಕ್ಯಾಪ್ ಕಟ್ಟಿದರು, ಅಲ್ಲಿಂದ ಫ್ಲೇರ್ ಬಂತು. ಐಬಿಎಂನಲ್ಲಿ ಹುಟ್ಟಿದ್ದ ಡಿಟಾ ಅದೇ 2005ರಲ್ಲಿ, ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಓಯಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು.

ಒಂದು ಟೂಲ್‌ನಿಂದ ಇನ್ನೊಂದಕ್ಕೆ ಪ್ರಾಜೆಕ್ಟ್ ಸಾಗಿಸುವ ಕೆಲಸ ನನ್ನ ಪಾಲಿಗೆ ತುಂಬಾ ಬಂದಿದೆ. ಪ್ರತಿ ಸಲವೂ ಕಂಡದ್ದು ಒಂದೇ. ತನ್ನಷ್ಟಕ್ಕೆ ಪೂರ್ತಿ ಇದ್ದ ಟಾಪಿಕ್‌ಗಳು ಹೆಚ್ಚು ತೊಂದರೆ ಕೊಡದೆ ದಾಟಿದವು. ಪುಸ್ತಕದಂತೆ ಬರೆದು ಆಮೇಲೆ ಕತ್ತರಿಸಿದ್ದೆಲ್ಲ ಮುರಿದು ಬಿತ್ತು.

ಹೋದ ವರ್ಷ ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ನಾವು ಯಾವ ಸಾಫ್ಟ್‌ವೇರ್‌ಗೆ ಹೆಲ್ಪ್ ಬರೆಯುತ್ತೇವೋ ಅದು ಅಲ್ಲಿನ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ಗಳ ಮೇಲೆ ನಿಗಾ ಇಡುತ್ತದೆ. ಮೆಷಿನ್ ಪಕ್ಕದಲ್ಲೇ ಟ್ಯಾಬ್ಲೆಟ್. ಆಪರೇಟರ್ ಇಂಡಿ ತಾಲೂಕಿನವರು. ನನ್ನ ಮಾತು ಕೇಳಿ "ನಮ್ಮ ಕಡಿಯವರೇನ್ರಿ ಅಕ್ಕಾರ? ಯಾವೂರ್ರಿ?" ಅಂದರು. ವಿಜಯಪುರ ಅಂದೆ. ಆಮೇಲೆ ಮಾತು ಸಲೀಸಾಯಿತು.

ಅವರು ಹೆಲ್ಪ್ ಪುಟ ತೆರೆಯುವುದೇ ಇಲ್ಲ. ಚಾಟ್‌ಬಾಟ್‌ಗೆ ಕೇಳುತ್ತಾರೆ. ನನ್ನ ಮುಂದೆಯೇ ಸೆನ್ಸರ್ ಬದಲಿಸುವುದು ಹೇಗೆ ಅಂತ ಕೇಳಿದರು. ಉತ್ತರ ಬಂತು, ಅಚ್ಚುಕಟ್ಟಾದ ಹೆಜ್ಜೆಗಳು. ಎರಡನೇ ಹೆಜ್ಜೆಯಲ್ಲೇ ನಿಂತರು. "ಇದರಾಗ ಹೇಳಿದ ಬಟನ್ ಇಲ್ಲೇ ಇಲ್ರಿ." ನಿಜ, ಆ ಬಟನ್ ಹಳೆಯ ವರ್ಷನ್‌ನಲ್ಲಿ ಇತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಮೆಷಿನ್ ನಿಲ್ಲಿಸಿ, ಕರೆಂಟ್ ತೆಗೆದು, ಆಮೇಲೆ ಕೈ ಹಾಕಿ ಅನ್ನುವ ಎಚ್ಚರಿಕೆ ಆ ಉತ್ತರದಲ್ಲಿ ಇರಲೇ ಇಲ್ಲ. ಇಪ್ಪತ್ತು ವರ್ಷ ಕೈ ಪಳಗಿದ ಮನುಷ್ಯ ಅವರು, ಅದು ಅವರಿಗೆ ಗೊತ್ತಿತ್ತು. ಅವರ ಪಕ್ಕದಲ್ಲಿ ನಿಂತಿದ್ದ ಹೊಸ ಹುಡುಗನಿಗೆ?

ಆಫೀಸಿಗೆ ಬಂದು ಮೂಲ ಹುಡುಕಿದೆವು. ಆ ಭಾಗ ಮೊದಲು ಪಿಡಿಎಫ್ ಮ್ಯಾನುಯಲ್ ಆಗಿತ್ತು. ಎಚ್ಚರಿಕೆ ಅಧ್ಯಾಯದ ಮೊದಲ ಪುಟದಲ್ಲಿ ಒಂದೇ ಕಡೆ ಇತ್ತು. ಒಳಗಿನ ಹೆಜ್ಜೆಗಳು "ಮೇಲೆ ಹೇಳಿದ ಎಚ್ಚರಿಕೆಗಳನ್ನು ಪಾಲಿಸಿ" ಅಂತ ಶುರುವಾಗುತ್ತಿದ್ದವು. ವರ್ಷನ್ ನಂಬರ್ ಬರೀ ಮುಖಪುಟದಲ್ಲಿತ್ತು. ಪುಸ್ತಕವಾಗಿ ಅದು ಸರಿಯೇ ಇತ್ತು. ಆದರೆ ಇಂಥ ಬಾಟ್‌ಗಳು ನಮ್ಮ ಹೆಲ್ಪನ್ನು ಪುಸ್ತಕವಾಗಿ ಓದುವುದಿಲ್ಲ. ಬಾಟ್ ಕಟ್ಟಿದವರು ಅದನ್ನು ತುಂಡು ತುಂಡು ಮಾಡಿ ಇಟ್ಟಿರುತ್ತಾರೆ. ಪ್ರಶ್ನೆಗೆ ಹತ್ತಿರವಾದ ಕೆಲವು ತುಂಡುಗಳನ್ನು ಹುಡುಕಿ ತಂದು, ಅವನ್ನು ಮಾತ್ರ ಉತ್ತರ ಬರೆಯುವ ಎಐ ಮಾಡೆಲ್ ಮುಂದೆ ಇಡುತ್ತಾರೆ. ಆ ತುಂಡಿನಲ್ಲಿ ಇಲ್ಲದ್ದು ಉತ್ತರದಲ್ಲಿ ಬರುತ್ತದೆ ಅಂತ ನಂಬಿ ಕೂರುವಂತಿಲ್ಲ. "ಮೇಲೆ ಹೇಳಿದ" ಅನ್ನುವುದಕ್ಕೆ ಅಲ್ಲಿ ಮೇಲೆ ಏನೂ ಇರುವುದಿಲ್ಲ, ಅಲ್ವಾ?

ಹಾಗಾಗಿ ಈಗ ನಮ್ಮ ಟೀಮಿನಲ್ಲಿ ಕೆಲವು ಪಟ್ಟು ಹಿಡಿದಿದ್ದೇವೆ. ಅಪಾಯ ಇರುವ ಪ್ರತಿ ಟಾಪಿಕ್‌ನಲ್ಲೂ ಎಚ್ಚರಿಕೆ ಅಲ್ಲೇ ಇರಬೇಕು, ಮೊದಲ ಹೆಜ್ಜೆಗಿಂತ ಮುಂಚೆ. ಹಾಗಂತ ಐವತ್ತು ಕಡೆ ನಕಲು ಮಾಡಿ ಅಂಟಿಸುವುದಲ್ಲ. ಒಂದು ಕಡೆ ಬರೆದಿಟ್ಟು ಎಲ್ಲ ಕಡೆ ಕರೆಸಿಕೊಳ್ಳುವ ಸೌಲಭ್ಯ ಟೂಲ್‌ಗಳಲ್ಲೇ ಇದೆ. ಫ್ಲೇರ್‌ನಲ್ಲಿ ಸ್ನಿಪೆಟ್, ಡಿಟಾದಲ್ಲಿ ಕಾನ್‌ರೆಫ್. ನನ್ನ ಮಟ್ಟಿಗೆ ಒಂದು ಹೆಲ್ಪ್ ಟೂಲ್‌ನ ಬೆಲೆ ಗೊತ್ತಾಗುವುದೇ ಇಲ್ಲಿ. ಥೀಮ್ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ಶೀರ್ಷಿಕೆ "ಸೆಟ್ಟಿಂಗ್ಸ್" ಅಂತ ಮೊಟಕಾಗಿದ್ದರೆ ವಾಪಸ್ ಬರುತ್ತದೆ. ಯಾವ ಸ್ಕ್ರೀನ್, ಯಾವ ವರ್ಷನ್ ಅಂತ ಟಾಪಿಕ್ ಒಳಗೇ ಇರಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಮಾತ್ರ ಕಾಣುವ ಮಾಹಿತಿಯನ್ನು ಪಠ್ಯದಲ್ಲೂ ಬರೆಯಬೇಕು.

"ಮೇಲೆ ಹೇಳಿದಂತೆ", "ಕೆಳಗಿನ ವಿಭಾಗ ನೋಡಿ" ಮುಂತಾದವನ್ನು ಹಿಡಿಯಲು ವೇಲ್ ಅನ್ನುವ ಉಚಿತ ಟೂಲ್ ಬಳಸುತ್ತೇವೆ. ಬರಹವನ್ನು ನಮ್ಮದೇ ನಿಯಮಗಳಿಗೆ ಹೊಂದಿಸಿ ತಪಾಸಣೆ ಮಾಡುತ್ತದೆ. ಯಾವ ಪದ ಬಂದರೆ ಎಚ್ಚರಿಸಬೇಕು ಅಂತ ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟರೆ ಸಾಕು. ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದ ಕೂಡಲೇ ವೇಲ್ ಓಡುತ್ತದೆ, ಮುರಿದ ಲಿಂಕ್‌ಗಳ ತಪಾಸಣೆಯೂ ಜೊತೆಗೇ ಆಗುತ್ತದೆ. ಡೆವಲಪರ್‌ಗಳು ಕೋಡ್ ನೋಡುವ ಜಾಗದಲ್ಲೇ ನಮ್ಮ ಬರಹವನ್ನೂ ನೋಡುತ್ತಾರೆ. ಡಾಕ್ಸ್ ಆಸ್ ಕೋಡ್ ಅನ್ನುವ ಈ ಪದ್ಧತಿ ನನಗೆ ಇಷ್ಟವಾಗಿದ್ದು ಇದಕ್ಕೇ. ಮೊದಲು ವರ್ಡ್ ಫೈಲನ್ನು ಮೇಲ್ ಮಾಡಿ, ರಿವ್ಯೂ ಕೊಡಿ ಅಂತ ವಾರಗಟ್ಟಲೆ ಬೆನ್ನು ಹತ್ತಬೇಕಿತ್ತು.

ಹೀಗೆ ಬರೆದ ಫೈಲುಗಳಿಂದ ಹೆಲ್ಪ್ ಸೈಟ್ ಕಟ್ಟಿಕೊಡುವ ಸ್ಫಿಂಕ್ಸ್, ಎಂಕೆಡಾಕ್ಸ್, ಡಾಕ್ಯುಸಾರಸ್ ಎಲ್ಲವೂ ಉಚಿತ. ಸಾದಾ ಪಠ್ಯದಲ್ಲೇ ಸಣ್ಣ ಗುರುತು ಹಾಕಿ ಬರೆಯುವ ಮಾರ್ಕ್‌ಡೌನ್ ಒಂದು ದಿನದಲ್ಲಿ ಕೈಗೆ ಹತ್ತುತ್ತದೆ. ಆದರೆ ಮಾರ್ಕ್‌ಡೌನ್‌ಗೆ ಯಾವುದು ಎಚ್ಚರಿಕೆ, ಯಾವುದು ಹೆಜ್ಜೆ ಅನ್ನುವ ಭೇದ ತಾನಾಗಿ ಗೊತ್ತಿಲ್ಲ. ಡಿಟಾಗೆ ಗೊತ್ತು. ಅಲ್ಲಿ ಕಾನ್ಸೆಪ್ಟ್, ಟಾಸ್ಕ್, ರೆಫರೆನ್ಸ್ ಅಂತ ಟಾಪಿಕ್‌ಗೇ ಜಾತಿ ಇದೆ. ಟಾಸ್ಕ್‌ನಲ್ಲಿ ಶುರುಮಾಡುವ ಮುಂಚೆ ಬೇಕಾದದ್ದಕ್ಕೆ ಬೇರೆ ಜಾಗವೇ ಇದೆ. ಮೆಷಿನ್, ಔಷಧಿ, ವಾಹನ ಇಂಥ ಉತ್ಪನ್ನಗಳಿಗೆ, ಹತ್ತಾರು ಮಾಡೆಲ್ ಮತ್ತು ಭಾಷೆ ಇರುವ ಕಡೆ, ಡಿಟಾದ ಕಟ್ಟುನಿಟ್ಟು ಸಾರ್ಥಕ. ಇಬ್ಬರು ಬರಹಗಾರರು, ಒಂದು ಪ್ರಾಡಕ್ಟ್ ಇರುವ ಕಂಪನಿಗೆ ಅದು ಭಾರ. ಅಂಥ ಕಡೆ ಡಿಟಾ ತಂದು, ಬರೆಯುವುದಕ್ಕಿಂತ ಟ್ಯಾಗ್ ಸರಿಪಡಿಸುವುದೇ ಜಾಸ್ತಿಯಾದದ್ದನ್ನು ನೋಡಿದ್ದೇನೆ.

ಇನ್ನು ಕೆಲಸ ಉಳಿಯುತ್ತಾ ಅನ್ನುವ ಪ್ರಶ್ನೆ. ಭಯ ಸುಳ್ಳಲ್ಲ. 1953ರಿಂದ ಬಂದಿದ್ದ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಅನ್ನುವ ನಮ್ಮ ವೃತ್ತಿಯವರ ಸಂಘ 2025ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅದಕ್ಕೆ ಭಾರತದಲ್ಲೂ ಶಾಖೆ ಇತ್ತು. ಸುದ್ದಿ ಓದಿದ ದಿನ ಬಹಳ ಬೇಜಾರಾಯಿತು. ಮೊದಲ ಕರಡನ್ನು ಈಗ ಎಐ ಬೇಗ ಬರೆದುಕೊಡುತ್ತದೆ, ನಾನೂ ಬಳಸುತ್ತೇನೆ. ಎಪಿಐ ರೆಫರೆನ್ಸ್‌ನಂಥದ್ದು (ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ವಿಧಾನಗಳ ಪಟ್ಟಿ) ಅದಕ್ಕೂ ಮುಂಚೆಯೇ, ಆ ವಿಧಾನಗಳನ್ನು ವಿವರಿಸುವ ಓಪನ್ ಎಪಿಐ ಫೈಲಿನಿಂದ ತಾನಾಗಿ ತಯಾರಾಗುತ್ತಿತ್ತು. ಆದರೆ ಭೋಸರಿಯ ಆ ಟ್ಯಾಬ್ಲೆಟ್‌ನಲ್ಲಿ ಎಚ್ಚರಿಕೆ ಬರಲಿಲ್ಲ ಅಂತ ಗೊತ್ತಾದದ್ದು ಮೆಷಿನ್ ಹತ್ತಿರ ಹೋಗಿ ನಿಂತದ್ದಕ್ಕೆ. ಯಾವ ತುಂಡಿನಲ್ಲಿ ಏನಿರಬೇಕು, ಯಾವ ಹಳೆಯ ವರ್ಷನ್ ಅಳಿಸಬೇಕು, ತಪ್ಪು ಉತ್ತರ ಎಲ್ಲಿಂದ ಬಂತು, ಇದನ್ನು ನೋಡುವವರು ಬೇಕು. ಅದು ರೈಟರ್‌ಗಳ ಕೆಲಸ. ನಾವೇ ಕೇಳಿ ಪಡೆದುಕೊಳ್ಳಬೇಕು, ಯಾರೂ ಕರೆದು ಕೊಡುವುದಿಲ್ಲ.

ಟೂಲ್ ಬಗ್ಗೆ ಕೇಳಿದವರಿಗೆ ನೇರ ಉತ್ತರ: ಗಿಟ್ ಮತ್ತು ಮಾರ್ಕ್‌ಡೌನ್‌ನಿಂದ ಶುರುಮಾಡಿ, ದುಡ್ಡು ಖರ್ಚಿಲ್ಲ. ಆಮೇಲೆ ಡಿಟಾ ಬರಹವನ್ನು ಪುಟಗಳಾಗಿ ಮಾಡಿಕೊಡುವ ಡಿಟಾ ಓಪನ್ ಟೂಲ್‌ಕಿಟ್ ಹಾಕಿಕೊಂಡು ಒಂದು ಟಾಸ್ಕ್ ಬರೆದು ನೋಡಿ, ಅದೂ ಉಚಿತ. ಫ್ಲೇರ್, ರೋಬೋಹೆಲ್ಪ್ ಕೇಳುವ ಕಂಪನಿ ಸಿಕ್ಕರೆ ಟ್ರಯಲ್ ತೆಗೆದುಕೊಂಡು ಕಲಿಯಬಹುದು. ಸಾವಿರಾರು ರೂಪಾಯಿ ಕೊಟ್ಟು ಬರೀ ಮೆನುಗಳನ್ನು ತೋರಿಸುವ ಕೋರ್ಸಿಗೆ ಸೇರಬೇಡಿ. ಅದರ ಬದಲು ನೀವೇ ಬಳಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದರ ಹೆಲ್ಪ್ ಓದಿ, ನಡುವಿನ ಒಂದು ಪುಟ ಆರಿಸಿ, ಅದು ಒಂದೇ ಓದಿದರೂ ಕೆಲಸ ಆಗುವಂತೆ ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸಿ. ಇಂಟರ್‌ವ್ಯೂಗೆ ಬರುವಾಗ ಅದರ ಲಿಂಕ್ ತನ್ನಿ. ನಾನು ಮೊದಲು ತೆರೆದು ನೋಡುವುದು ಅದನ್ನೇ.